ಸಾಫ್ಟ್‌ವೇರ್‌ಗೆ ಸವಕಳಿ ಎಷ್ಟು?

2025ರ ನವೆಂಬರ್ 29, ಶನಿವಾರ. ಎರಡು ವರ್ಷದ ನಂತರ ಅಬ್ಬಾ ದಮ್ಮಾಮ್‌ನಿಂದ ಹಾಸನಕ್ಕೆ ಬರುವ ದಿನ. ಬೆಳಿಗ್ಗೆ ಟಿವಿ ಹಾಕಿದರೆ ಒಂದೇ ಸುದ್ದಿ: ಪ್ರಪಂಚದಲ್ಲಿ ಸುಮಾರು 6,000 ಏರ್‌ಬಸ್ ಎ320 ಮಾದರಿಯ ವಿಮಾನಗಳ ಸಾಫ್ಟ್‌ವೇರ್‌ನಲ್ಲಿ ದೋಷ, ಸರಿಪಡಿಸದೆ ಹಾರುವಂತಿಲ್ಲ. ನಮ್ಮ ದೇಶದಲ್ಲೇ ಅಂಥವು ಮುನ್ನೂರಕ್ಕೂ ಹೆಚ್ಚು. ಅಬ್ಬಾ ಬರುವ ವಿಮಾನ ಯಾವ ಮಾದರಿಯದೆಂದು ನಮಗೇನು ಗೊತ್ತು? ಅಮ್ಮಿ ತಸ್ಬೀಹ್ ಹಿಡಿದು ಕೂತರು. ನಾನು ಹೊಳೆನರಸೀಪುರದ ಖಾಲುಗೆ ಫೋನ್ ಮಾಡಿದೆ.

ಖಾಲು ಬೆಂಗಳೂರಿನಲ್ಲಿ ವಿಮಾನದ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ಗಾಬರಿಯಾಗಲಿಲ್ಲ, ನಕ್ಕರು. "ಹೇಗೆ ಸರಿ ಮಾಡ್ತಾರೆ ಗೊತ್ತಾ ಬೇಟಿ? ಹೊಸದನ್ನು ತೆಗೆದು ಹಳೆಯದನ್ನೇ ವಾಪಸ್ ಹಾಕ್ತಾರೆ!"

ಆಮೇಲೆ ಓದಿ ನೋಡಿದೆ, ನಿಜ. ಅಕ್ಟೋಬರ್ 30ರಂದು ಮೆಕ್ಸಿಕೋದಿಂದ ಅಮೆರಿಕಕ್ಕೆ ಹೊರಟಿದ್ದ ವಿಮಾನವೊಂದು ಇದ್ದಕ್ಕಿದ್ದಂತೆ ಮೂತಿ ತಗ್ಗಿಸಿ, ಕೆಲವು ಪ್ರಯಾಣಿಕರಿಗೆ ಪೆಟ್ಟಾಗಿತ್ತು. ಸೂರ್ಯನ ತೀವ್ರ ವಿಕಿರಣದಿಂದ ನಿಯಂತ್ರಣ ಕಂಪ್ಯೂಟರಿನ ಮಾಹಿತಿ ಕೆಡಬಹುದು ಎಂದು ಕಂಪನಿಯೇ ಹೇಳಿತು. ಹೆಚ್ಚಿನ ವಿಮಾನಗಳಿಗೆ ಪರಿಹಾರ, ಹಿಂದಿನ ಆವೃತ್ತಿ.

ಅಬ್ಬಾ ಕೆಲವು ಗಂಟೆ ತಡವಾಗಿ ಬಂದರು. ಮರುದಿನ ಅವರನ್ನು ನೋಡಲು ಖಾಲು ಬಂದಾಗ ನಮ್ಮಿಬ್ಬರಿಗೂ ದೊಡ್ಡ ವಾದವೇ ಆಯಿತು. ಖಾಲು ಹೇಳುವುದಿಷ್ಟು: ಸಾಫ್ಟ್‌ವೇರ್ ತುಕ್ಕು ಹಿಡಿಯುವುದಿಲ್ಲ. ಮೂವತ್ತು ವರ್ಷ ಹಾರಿದ ಪ್ರೋಗ್ರಾಂನ ತಪ್ಪುಗಳೆಲ್ಲ ಹೆಚ್ಚುಕಡಿಮೆ ಹೊರಗೆ ಬಂದಿರುತ್ತವೆ. ಹೊಸದರ ತಪ್ಪುಗಳು ಇನ್ನೂ ಒಳಗೇ ಇರುತ್ತವೆ. ಅವರಿಗೆ 1990ರ ಫೆಬ್ರವರಿ 14 ನೆನಪಿದೆ. ಅಂದು ಬೆಂಗಳೂರಿನ ಎಚ್ಎಎಲ್ ನಿಲ್ದಾಣದ ಪಕ್ಕ ಬಿದ್ದದ್ದು ಆಗ ತಾನೇ ಬಂದಿದ್ದ ಹೊಸ ಎ320. ವಿಮಾನದಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್‌ಗಳು ಕಡಿಮೆ ಶಕ್ತಿಯಲ್ಲಿ ಓಡುವಂಥ ಇಳಿಯುವ ಕ್ರಮದಲ್ಲಿ ವಿಮಾನವಿತ್ತು. ಅದರ ಅಪಾಯ ಪೈಲಟ್‌ಗಳಿಗೆ ಹೊತ್ತಿಗೆ ಸರಿಯಾಗಿ ತಿಳಿಯಲಿಲ್ಲ ಎಂದಿತು ತನಿಖೆ. ಯಂತ್ರ ಹೊಸದು, ಅದರ ಪರಿಚಯ ಸಾಲದು.

ಖಾಲು ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದೇ ನವೆಂಬರ್ 7ರಂದು ದೆಹಲಿ ನಿಲ್ದಾಣದಲ್ಲಿ ಸಂದೇಶಗಳನ್ನು ರವಾನಿಸುವ ವ್ಯವಸ್ಥೆ ಕೈಕೊಟ್ಟು ಎಂಟುನೂರಕ್ಕೂ ಹೆಚ್ಚು ವಿಮಾನಗಳು ತಡವಾದವು. ಕಂಪ್ಯೂಟರ್ ಮಾಡುತ್ತಿದ್ದ ಕೆಲಸವನ್ನು ಸಿಬ್ಬಂದಿ ಕೈಯಾರೆ ಮಾಡಬೇಕಾಯಿತು. ಓಡುತ್ತಿದೆಯಲ್ಲ ಎಂದು ಬಿಟ್ಟದ್ದು ಒಂದು ದಿನ ನಿಲ್ಲುತ್ತದೆ ಎಂದೆ. "ನಿಂತಾಗ ರಿಪೇರಿ ಮಾಡೋಕೆ ಗೊತ್ತಿರೋರು ಇದ್ದಾರಾ, ಅದು ಕೇಳು" ಎಂದರು ಖಾಲು. ಅಲ್ಲಿ ನಾನು ಸುಮ್ಮನಾದೆ.

ನಾವು ಕಾಮರ್ಸ್‌ನವರು. ಹತ್ತು ಲಕ್ಷದ ಯಂತ್ರಕ್ಕೆ ವರ್ಷಕ್ಕೆ ಶೇಕಡಾ 10ರಂತೆ ಸವಕಳಿ ಬರೆಯುವುದನ್ನು ಪ್ರಥಮ ಪಿಯುಸಿಯಲ್ಲೇ ಕಲಿತೆವು. ಸಾಫ್ಟ್‌ವೇರ್ ಕೊಂಡ ಬೆಲೆಗೂ ಹಾಗೆ ಬರೆಯಬಹುದು. ಆದರೆ ಅದರ ಒಳಹೊರಗು ಬಲ್ಲವನು ನಿವೃತ್ತನಾಗಿ ಊರಿಗೆ ಹೋದರೆ ಆಗುವ ನಷ್ಟವನ್ನು ಯಾವ ಖಾತೆಗೆ ಬರೆಯುವುದು? ಎಲ್ಲಿಗೂ ಇಲ್ಲ. ಬ್ಯಾಲೆನ್ಸ್ ಶೀಟ್ ಮಾತ್ರ ಸರಿಯಾಗಿ ಟ್ಯಾಲಿ ಆಗುತ್ತದೆ!

ಬೋಯಿಂಗ್ 737 ಮ್ಯಾಕ್ಸ್ ಕಥೆ ಓದಿದರೆ ಇದು ಬರೀ ಎಂಜಿನಿಯರುಗಳ ವಿಷಯವಲ್ಲ ಎಂದು ನನಗನ್ನಿಸುತ್ತದೆ. 1967ರಲ್ಲಿ ಮೊದಲು ಹಾರಿದ ವಿನ್ಯಾಸಕ್ಕೇ ದೊಡ್ಡ ಎಂಜಿನ್ ಕೂಡಿಸಿದರು. ಅದರಿಂದ ಬದಲಾದ ನಡತೆಯನ್ನು ಸರಿದೂಗಿಸಲು ಎಂಸಿಎಎಸ್ ಎಂಬ ಸಾಫ್ಟ್‌ವೇರ್ ಸೇರಿಸಿದರು. ವಿಮಾನದಲ್ಲಿ ಎರಡು ಸೆನ್ಸರ್ ಇದ್ದರೂ ಅದು ನಂಬಿದ್ದು ಒಂದನ್ನೇ. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ವಿವರಣೆ ಇರಲಿಲ್ಲ. ಹೊಸದಾಗಿ ಸಿಮ್ಯುಲೇಟರ್ ತರಬೇತಿ ಬೇಕಾದರೆ ಪ್ರತಿ ವಿಮಾನಕ್ಕೆ 10 ಲಕ್ಷ ಡಾಲರ್ ರಿಯಾಯಿತಿ ಕೊಡುವುದಾಗಿ ಅಮೆರಿಕದ ಒಂದು ಗ್ರಾಹಕ ಕಂಪನಿಗೆ ಬೋಯಿಂಗ್ ಮಾತು ಕೊಟ್ಟಿತ್ತು. ತರಬೇತಿ ಬೇಡ ಎನ್ನುವುದರಲ್ಲೇ ಲಾಭ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಎರಡು ವಿಮಾನ ಬಿದ್ದು 346 ಜನ ಸತ್ತರು. ಆ ರಿಯಾಯಿತಿಯ ಲೆಕ್ಕ ಹಾಕಿದವರೂ ನಮ್ಮಂತೆ ಎಲ್ಲೋ ಡೆಬಿಟ್-ಕ್ರೆಡಿಟ್ ಕಲಿತವರೇ ಇರಬೇಕು.

ಅರಕಲಗೂಡು, ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬರುವ ನನ್ನ ಗೆಳತಿಯರಿಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ನಮ್ಮ ಕಾಲೇಜಿನಲ್ಲಿ ಎಷ್ಟು ಜನರ ಅಬ್ಬಾ, ಅಣ್ಣ, ಮಾಮು ಗಲ್ಫ್‌ನಲ್ಲಿಲ್ಲ? ನಾಳೆ ನಮ್ಮಲ್ಲೇ ಯಾರಾದರೂ ಇಂಥ ಕಂಪನಿಯ ಖರ್ಚು-ವೆಚ್ಚ ನೋಡುವ ಮೇಜಿನಲ್ಲಿ ಕೂತಾರು. ತರಬೇತಿ, ಪರೀಕ್ಷೆ, ಹಳಬರ ಜ್ಞಾನವನ್ನು ಬರೆದಿಡುವ ಕೆಲಸ, ಇವು ಮೊದಲು ಕತ್ತರಿ ಹಾಕುವ ಸಾಲುಗಳಲ್ಲ ಎಂದು ಅವರು ಹೇಳಬೇಕು.

ಖಾಲು ಕೆಲಸ ಮಾಡುತ್ತಿದ್ದ ಕಂಪನಿಯ ಹುಡುಗರು ಈಗಲೂ ಫೋನ್ ಮಾಡಿ, ಅವರ ಕಾಲದ ಪ್ರೋಗ್ರಾಂನಲ್ಲಿ ಒಂದು ಸಾಲು ಯಾಕಿದೆ ಎಂದು ಕೇಳುತ್ತಾರಂತೆ. ಇವರು ಗಂಟೆಗಟ್ಟಲೆ ವಿವರಿಸುತ್ತಾರೆ, ಬಿಟ್ಟಿ. ಬಿಲ್ ಕಳಿಸಿ ಎಂದು ನಾನೇ ಒಂದು ಇನ್‌ವಾಯ್ಸ್ ಬರೆದುಕೊಟ್ಟೆ. ಕಳೆದ ವಾರ ಮತ್ತೆ ಫೋನ್ ಬಂದಿತ್ತು. "ಕಳಿಸಿದ್ರಾ ಖಾಲು?" ಎಂದೆ. ಇನ್‌ವಾಯ್ಸ್ ಹಿಂದುಗಡೆ ಆ ಹುಡುಗನಿಗೆ ಉತ್ತರದ ಚಿತ್ರ ಬರೆದುಕೊಂಡಿದ್ದರು.