ಲ್ಯಾಬಿನವರ ಕಲಿಕೆ ಯಾರ ಖರ್ಚಲ್ಲಿ?

ಲ್ಯಾಬ್ ಸಿಬ್ಬಂದಿಗೆಲ್ಲ ಆನ್‌ಲೈನ್ ತರಬೇತಿ ಕಡ್ಡಾಯ ಅನ್ನೋ ಸುತ್ತೋಲೆಯನ್ನ ಮೊನ್ನೆ ಟೈಪ್ ಮಾಡಿದವನು ನಾನೇ. ಕಲಿಕೆ ಬೇಡ ಅನ್ನಲ್ಲ. ಕಫದ ಪರೀಕ್ಷೆ ತಪ್ಪಿದರೆ ಟಿಬಿ ರೋಗಿಗೆ ಔಷಧಿ ತಡವಾಗುತ್ತೆ, ಆ ರೋಗಿ ನಮ್ಮ ಕೇರಿಯವನೂ ಆಗಿರಬಹುದು.

ಆದರೆ ಪಾಠ ಪೂರ್ತಿ ಇಂಗ್ಲಿಷು, ಡೇಟಾ ಸ್ವಂತ ದುಡ್ಡು, ಸಮಯ ಡ್ಯೂಟಿ ಮುಗಿದ ಮೇಲೆ. ಗುತ್ತಿಗೆಯವರು ಕೋರ್ಸ್ ಮುಗಿಸಿದರೂ ಸಂಬಳ ಅಷ್ಟೇ. ಕಫದ ಡಬ್ಬಿ, ರಕ್ತದ ಟ್ಯೂಬು ಎತ್ತಿಹಾಕೋ ಅಟೆಂಡರ್ ಹೆಸರಂತೂ ಪಟ್ಟಿಯಲ್ಲೇ ಇಲ್ಲ. ಸೋಂಕು ಹುದ್ದೆ ನೋಡಿ ಅಂಟುತ್ತಾ?

ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ 2021ರ ಕಾಯ್ದೆಯಲ್ಲಿ ಲ್ಯಾಬ್ ಕೆಲಸವೂ ಒಂದು ವೃತ್ತಿ. ವೃತ್ತಿ ಅಂದಮೇಲೆ ಕಲಿಕೆ ಡ್ಯೂಟಿ ವೇಳೆಯಲ್ಲಿ, ಕನ್ನಡದಲ್ಲಿ, ಇಲಾಖೆ ಖರ್ಚಲ್ಲಿ ಆಗಲಿ. ಅಟೆಂಡರ್‌ಗಳಿಂದಲೇ ಶುರುವಾಗಲಿ. ಬಾಬಾಸಾಹೇಬರು ಹೇಳಿದ ಶಿಕ್ಷಣ ಅಂದ್ರೆ ಬರೀ ಸರ್ಟಿಫಿಕೇಟ್ ಅಲ್ಲ.

ಜೈಭೀಮ್.