ಅಡುಗೆಮನೆಯ ಐದೂವರೆ ಚದರಡಿ

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ನಡುಮನೆಯ ಪರದೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, "ಅಮ್ಮಾ, ಇದನ್ನ ಯಾವ ಕಾಲದಲ್ಲಿ ಹೊಲಿಸಿದ್ದು? ತೆಗೆದುಹಾಕು. ಎಲ್ಲಾ ಕಿಟಕಿಗೂ ಬ್ಲೈಂಡ್ಸ್ ಹಾಕಿಸಿಬಿಡೋಣ, ದುಡ್ಡು ನಾನು ಕೊಡ್ತೀನಿ" ಎಂದ. ದುಡ್ಡು ಕೊಡುತ್ತೇನೆಂದ ಮಗನಿಗೆ ಬೇಡ ಎನ್ನುವ ತಾಯಿ ಎಲ್ಲಾದರೂ ಇದ್ದರೆ ಅವಳು ನಾನಲ್ಲ. ಜೊತೆಗೆ ಒಂದು ನೆಪವೂ ಇತ್ತು. ನಾವಿರುವುದು ಮೈಸೂರಿನ ಗೋಕುಲಂನಲ್ಲಿ. ಪಟ್ಟಾಭಿ ಜೋಯಿಸರು 2002ರಲ್ಲಿ ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರದಿಂದ ಇಲ್ಲಿಗೆ ತಂದ ಮೇಲೆ ನಮ್ಮ ಬೀದಿಗಳ ಮಹಡಿಮನೆಗಳಿಗೆಲ್ಲ ದೂರದೇಶದ ಬಾಡಿಗೆದಾರರು ಬಂದರು. ಎದುರುಮನೆಯ ಬಾಲ್ಕನಿಯಲ್ಲಿ ಬೆಳಗಿನ ಹೊತ್ತು ಯಾರಾದರೂ ಕೈಕಾಲು ಚಾಚಿಕೊಂಡಿರುತ್ತಾರೆ. "ಅವರಿಗೆ ನಾವು ಕಾಣ್ತೀವಿ, ನಮಗೆ ಅವರು ಕಾಣ್ತಾರೆ, ಎರಡೂ ಚೆನ್ನಾಗಿರಲ್ಲ" ಎಂದು ನಮ್ಮ ಮನೆಯವರೂ ಮಗನ ಮಾತಿಗೆ ತಲೆದೂಗಿದರು.

ಅಂಗಡಿಯಿಂದ ಒಬ್ಬ ಹುಡುಗ ಅಳತೆ ತೆಗೆದುಕೊಳ್ಳಲು ಬಂದ. ಬಾಗಿಲಲ್ಲೇ ನಿಂತು, "ಯಜಮಾನ್ರು ಇಲ್ವಾ ಮೇಡಂ?" ಎಂದ.

"ಇದ್ದಾರೆ, ಪೇಪರ್ ಓದ್ತಿದ್ದಾರೆ. ಕಿಟಕಿ ಒರೆಸೋದು ನಾನು. ನನ್ನನ್ನೇ ಕೇಳಪ್ಪ" ಎಂದೆ.

ಅವನು ನಕ್ಕು, ನಡುಮನೆಯ ಕಿಟಕಿಯ ಮೇಲ್ಭಾಗಕ್ಕೆ ಟೇಪು ಹಿಡಿದು "ಎಪ್ಪತ್ತೆರಡು" ಎಂದು ಬರೆದುಕೊಂಡ. ಎರಡು ವಾರದ ಮೇಲೆ ಬ್ಲೈಂಡ್ ಬಂತು. ಮೇಲೆ ಸರಿಯಾಗಿ ಕೂತದ್ದು ಅರ್ಧ ಇಳಿಯುವಷ್ಟರಲ್ಲಿ ಚೌಕಟ್ಟಿಗೆ ಸಿಕ್ಕಿಹಾಕಿಕೊಂಡಿತು. ನಮ್ಮದು 1986ರಲ್ಲಿ ಕಟ್ಟಿದ ಮನೆ. ಮರದ ಚೌಕಟ್ಟು ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಮೇಲೆ 72 ಅಂಗುಲ ಇದ್ದದ್ದು ಕೆಳಗೆ ಎಪ್ಪತ್ತೊಂದೂವರೆ ಆಗಿದೆ. ಅಂಗಡಿಗೆ ಫೋನ್ ಮಾಡಿದರೆ, "ಅಳತೆ ಕೊಟ್ಟು ಮಾಡಿಸಿದ್ದು ಮೇಡಂ, ವಾಪಸ್ ತಗೊಳಲ್ಲ" ಎಂದರು. ಅಳತೆ ಕೊಟ್ಟವರು ಯಾರು? ಅವರೇ ಕಳಿಸಿದ ಹುಡುಗ!

ಆ ಸಿಟ್ಟಿನಲ್ಲಿ ಉಳಿದ ಕಿಟಕಿಗಳನ್ನು ನಾನೇ ಅಳೆಯುತ್ತೇನೆಂದು ಹೊಲಿಗೆ ಟೇಪನ್ನು ಬದಿಗಿಟ್ಟು ಉಕ್ಕಿನ ಟೇಪು ತರಿಸಿದೆ. ಇದು ಬ್ರಹ್ಮವಿದ್ಯೆಯೇನಲ್ಲ. ಬ್ಲೈಂಡ್ ಚೌಕಟ್ಟಿನ ಒಳಗೆ ಕೂರಬೇಕಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆದು, ಮೂರರಲ್ಲಿ ಕಡಿಮೆ ಯಾವುದೋ ಅದನ್ನು ಬರೆಯಬೇಕು. ಗೋಡೆಯ ಮೇಲೆ, ಚೌಕಟ್ಟಿನ ಹೊರಗೆ ಕೂರಬೇಕಾದರೆ ಎರಡೂ ಪಕ್ಕಕ್ಕೆ ಕೆಲವು ಅಂಗುಲ ಸೇರಿಸಿಕೊಳ್ಳಬೇಕು. ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಸರಳಿನ ಆಚೆಗೆ ತೆರೆಯುವ ಗಾಜಿನ ಬಾಗಿಲು, ಈಚೆಗೆ ತೆರೆಯುವ ಸೊಳ್ಳೆ ಜಾಲರಿಯ ಬಾಗಿಲು. ಒಳಗೆ ಬ್ಲೈಂಡ್ ಕೂರಿಸಿದರೆ ಜಾಲರಿ ತೆರೆಯುವುದಿಲ್ಲ. ಜಾಲರಿ ತೆರೆಯದಿದ್ದರೆ ಕೈ ತೂರಿಸಿ ಗಾಜಿನ ಬಾಗಿಲು ತೆರೆಯಲಾಗುವುದಿಲ್ಲ. ಇದನ್ನು ಆ ಹುಡುಗನಿಗೆ ತೋರಿಸಿದ್ದಕ್ಕೆ ಅವನು ಕೊಟ್ಟ ಉತ್ತರ ಕೇಳಿ: "ತೆಗೆಯೋದೇ ಬೇಡ ಮೇಡಂ, ಎಲ್ಲರ ಮನೇಲೂ ಮುಚ್ಚೇ ಇರುತ್ತೆ."

ಹೌದಲ್ಲ ಅನ್ನಿಸಿತು. ಎಲ್ಲರ ಮನೆಯಲ್ಲೂ ಮುಚ್ಚೇ ಇರುತ್ತೆ.

ಎಲ್ಲ ಅಳತೆಯನ್ನೂ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದೆ. ನಡುಮನೆ: ಆರು ಅಡಿಗೆ ನಾಲ್ಕೂವರೆ, 27 ಚದರಡಿ. ನಮ್ಮ ಮಲಗುವ ಕೋಣೆ: ಐದಕ್ಕೆ ನಾಲ್ಕು, 20. ಮಗನ ಕೋಣೆ: ನಾಲ್ಕಕ್ಕೆ ನಾಲ್ಕು, 16. ಕೊನೆಗೆ ಅಡುಗೆಮನೆ. ಸ್ಟೂಲು ಹತ್ತಿ ಅಳೆದೆ. ಎರಡು ಅಡಿ ಒಂಬತ್ತು ಅಂಗುಲ ಅಗಲ, ಎರಡು ಅಡಿ ಎತ್ತರ. ಐದೂವರೆ ಚದರಡಿ.

ಬೆಲೆಪಟ್ಟಿ ಬಂದಾಗ ಅಡುಗೆಮನೆಯ ಎದುರು 10 ಚದರಡಿ ಎಂದು ಹಾಕಿದ್ದರು. "ಚಿಕ್ಕದಾದ್ರೂ ಕನಿಷ್ಠ ಹತ್ತು ಅಡಿ ಲೆಕ್ಕ ಮೇಡಂ." ಗೋಡೆಯಲ್ಲಿ ಐದೂವರೆ, ಬಿಲ್ಲಿನಲ್ಲಿ ಹತ್ತು! ನನ್ನ ಅಡುಗೆಮನೆಗೆ ಇಷ್ಟು ದೊಡ್ಡ ಕಿಟಕಿ ಸಿಕ್ಕಿದ್ದು ಬಿಲ್ಲಿನಲ್ಲಿ ಮಾತ್ರ ಎಂದು ಮೊದಲು ನಗು ಬಂತು. ಆಮೇಲೆ ನಗು ಬರಲಿಲ್ಲ.

ನೀವೇ ಲೆಕ್ಕ ಹಾಕಿ. ನಡುಮನೆಯಲ್ಲಿ ನಾನು ದಿನಕ್ಕೆ ಒಂದು ಗಂಟೆ ಕೂತರೆ ಹೆಚ್ಚು. ಮಗನ ಕೋಣೆ ವರ್ಷದಲ್ಲಿ ಮುನ್ನೂರು ದಿನ ಖಾಲಿ. ಅಡುಗೆಮನೆಯಲ್ಲಿ ಮಾತ್ರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸೇರಿ ಆರು ಗಂಟೆಗೆ ಕಡಿಮೆಯಿಲ್ಲ. ಮನೆಯ ಬೆಂಕಿ, ಹೊಗೆ, ಹಬೆ, ಒಗ್ಗರಣೆಯ ಘಾಟು ಎಲ್ಲವೂ ಇರುವ ಕೋಣೆಗೆ ಮನೆಯ ಅತಿ ಚಿಕ್ಕ ಕಿಟಕಿ. ಇದನ್ನು ಯಾರು ತೀರ್ಮಾನಿಸಿದರು?

ಆ ಮನೆಯ ನಕ್ಷೆ ಬರೆದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅಡುಗೆಮನೆ ಆಗ್ನೇಯಕ್ಕೇ ಬರಬೇಕು, ಒಲೆ ಪೂರ್ವಕ್ಕೇ ಮುಖ ಮಾಡಬೇಕು ಎಂದು ಹಿರಿಯರು ಮೂರು ಸಂಜೆ ಚರ್ಚೆ ಮಾಡಿದರು. ಕಾಫಿ ಸರಬರಾಜು ಅತ್ತೆಯವರದು ಮತ್ತು ನನ್ನದು. ನಡುಮನೆಯ ಕಿಟಕಿ ಬೀದಿಗೆ ಕಾಣುವುದರಿಂದ ದೊಡ್ಡದಾಗಿರಲಿ ಎಂದು ಮೇಸ್ತ್ರಿ ಹೇಳಿದರು. ಅಡುಗೆಮನೆಗೆ? "ಗೋಡೆ ತುಂಬ ಅಲಮಾರು ಬರುತ್ತಲ್ಲ, ಮೇಲೆ ಒಂದು ಚಿಕ್ಕದು ಸಾಕು." ಕಾಫಿ ತಂದುಕೊಟ್ಟ ಇಬ್ಬರನ್ನು ಯಾರೂ ಕೇಳಲಿಲ್ಲ. ನಾವೂ ಬಾಯಿ ಬಿಡಲಿಲ್ಲ. ಆ ತಪ್ಪು ನಮ್ಮದೂ ಹೌದು.

ಹೀಗೆ ಕಿಟಕಿಯ ತಳ ನೆಲದಿಂದ ಐದು ಅಡಿ ಎತ್ತರಕ್ಕೆ ಬಂತು. ನಮ್ಮ ಅತ್ತೆ ಐದು ಅಡಿ ಮುಟ್ಟದ ಹೆಂಗಸು. 1986ರಿಂದ 1999ರಲ್ಲಿ ತೀರಿಕೊಳ್ಳುವವರೆಗೆ, ಹದಿಮೂರು ವರ್ಷ ಆ ಅಡುಗೆಮನೆಯಲ್ಲಿ ನಿಂತು ಅವರು ನೋಡಿದ್ದು ಅಂಗೈಯಗಲದ ಆಕಾಶ. ಗೋಡೆಯ ಆಚೆಗೆ ನಾಲ್ಕೇ ಅಡಿ ದೂರದಲ್ಲಿ ಅವರೇ ನೆಟ್ಟ ಕರಿಬೇವಿನ ಗಿಡವಿತ್ತು. ಹಿತ್ತಿಲಿಗೆ ಹೋದವಳನ್ನು ಒಳಗಿನಿಂದಲೇ ಕೂಗಿ ಕೇಳುತ್ತಿದ್ದರು: "ಕರಿಬೇವು ಚಿಗುರಿತೇನೇ?" ಒಗ್ಗರಣೆ ಹಾಕುವಾಗ ಸೆರಗು ಮೂಗಿಗೆ ಹಿಡಿದು ಕೆಮ್ಮುತ್ತಿದ್ದರು. ಅವರ ಕೆಮ್ಮಿಗೆ ಕಷಾಯ ಮಾಡಿದೆವು, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಕಿಟಕಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಅಳತೆಯ ಟೇಪು ಹಿಡಿದು ಸ್ಟೂಲಿನ ಮೇಲೆ ನಿಂತ ದಿನ, ಆ ಕಿಟಕಿಯಿಂದ ಕರಿಬೇವಿನ ಮರವನ್ನು ನಾನೂ ಮೊದಲ ಸಲ ನೋಡಿದೆ.

ಇದು ನಮ್ಮೊಬ್ಬರ ಮನೆಯ ಕಥೆಯೇ ಎಂದು ಸಂಜೆ ಅಕ್ಕಪಕ್ಕದ ನಾಲ್ಕು ಮನೆಗಳಿಗೆ ಹೋಗಿ ಅಡುಗೆಮನೆ ನೋಡಿದೆ. ನಾಲ್ಕರಲ್ಲೂ ಅದೇ ಕಥೆ. ಕಾರಣಗಳು ಮಾತ್ರ ಬೇರೆ ಬೇರೆ. ಒಬ್ಬರು ಬೆಕ್ಕು ಬರುತ್ತೆ ಎಂದರು. ಜಾಲರಿ ಹಾಕಿದರೆ ಬರುವುದಿಲ್ಲ. ಇನ್ನೊಬ್ಬರು ಗಾಳಿಗೆ ಒಲೆ ಆರುತ್ತೆ ಎಂದರು. ಒಲೆಯನ್ನು ಕಿಟಕಿಯ ನೇರಕ್ಕಿಡದೆ ಪಕ್ಕಕ್ಕಿಟ್ಟರೆ ಆಯಿತು. ಮೂರನೆಯವರು, "ಅಡುಗೆ ಮಾಡೋದು ಬೀದಿಯವರಿಗೆ ಯಾಕೆ ಕಾಣ್ಬೇಕು?" ಎಂದರು. ಯಾಕೆ ಕಾಣಬಾರದು? ಸೋಫಾದಲ್ಲಿ ಕೂತು ಪೇಪರ್ ಓದುವುದು 27 ಚದರಡಿಯಲ್ಲಿ ಬೀದಿಗೆಲ್ಲ ಕಾಣಬಹುದು, ಕಾಯಿ ತುರಿಯುವುದು ಮಾತ್ರ ಗುಟ್ಟಾಗಿರಬೇಕೇ? ನಾಲ್ಕನೆಯವರು ಮಾತ್ರ ನಿಜ ಹೇಳಿದರು: "ನಾನು ಯಾವತ್ತೂ ಯೋಚನೆನೇ ಮಾಡಿರ್ಲಿಲ್ಲ ಕಣ್ರೀ."

ಯೋಚನೆ ಮಾಡಿದವರು ಇಲ್ಲದೇ ಇಲ್ಲ. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. 1983, 2005, 2016ರಲ್ಲಿ ಪರಿಷ್ಕರಣೆಯಾಗಿದೆ. ಅಡುಗೆಮನೆಗೆ ಬಯಲಿಗೆ ತೆರೆಯುವ ಕಿಟಕಿ ಒಂದು ಚದರ ಮೀಟರಿಗೆ ಕಡಿಮೆಯಿರಬಾರದು ಎಂದು ಅದು ಹೇಳುತ್ತದೆ. ಒಂದು ಚದರ ಮೀಟರ್ ಎಂದರೆ ಸುಮಾರು ಹತ್ತೂಮುಕ್ಕಾಲು ಚದರಡಿ. ನನ್ನ ಕಿಟಕಿ ಅದರಲ್ಲಿ ಅರ್ಧ! ಸಂಹಿತೆ ಒಂದು ಮಾದರಿ ಮಾತ್ರ, ಊರೂರಿನ ಸಂಸ್ಥೆಗಳು ತಮ್ಮ ನಿಯಮಗಳಲ್ಲಿ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ ಎನ್ನುವುದು ನಿಜ. ಆದರೆ ಮನೆ ಕಟ್ಟುವವರಿಗೆ, ನಕ್ಷೆ ಬರೆಯುವವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಯಾರೂ ಕೇಳದ್ದರಿಂದ ಬಿಟ್ಟದ್ದು.

ಆಸ್ಟ್ರಿಯಾದ ಮಾರ್ಗರೆಟೆ ಶ್ಯುಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕೆಲಸಗಾರರ ಮನೆಗಳಿಗಾಗಿ ಒಂದು ಅಡುಗೆಮನೆ ರೂಪಿಸಿದಳು. ಜಾಗ ಬಹಳ ಚಿಕ್ಕದು, ನಮ್ಮ ಅಡುಗೆಮನೆಗಳಿಗಿಂತ ದೊಡ್ಡದೇನಲ್ಲ. ಆದರೆ ಕೆಲಸದ ಹಲಗೆಯನ್ನು ಅವಳು ಕಿಟಕಿಯ ಕೆಳಗೇ ಇಟ್ಟಳು. ತರಕಾರಿ ಹೆಚ್ಚುವವಳಿಗೆ ಬೆಳಕು ಬೇಕು ಎಂದು ತಿಳಿಯಲು ದೊಡ್ಡ ಓದು ಬೇಕೇ? ನಮ್ಮಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ ವಿಜ್ಞಾನಿಗಳು ಹಳ್ಳಿಯ ಹೆಂಗಸರ ಕಣ್ಣಿನ ಹೊಗೆಯನ್ನು ಕಂಡು ಅಸ್ತ್ರ ಒಲೆ ಮಾಡಿದರು. ಪಟ್ಟಣದವರು ನಾವು, ಗ್ಯಾಸ್ ಬಂತು, ಹೊಗೆಯ ಕಥೆ ಮುಗಿಯಿತು ಎಂದುಕೊಂಡೆವು. ಗ್ಯಾಸ್ ಉರಿಗೂ ತನ್ನದೇ ವಿಷಗಾಳಿಯಿದೆ, ಕಾದ ಎಣ್ಣೆಯ ಕಣ್ಣಿಗೆ ಕಾಣದ ಕಣಗಳು ಶ್ವಾಸಕೋಶಕ್ಕೆ ಇಳಿಯುತ್ತವೆ. ಅವಕ್ಕೆ ಹೊರಗೆ ಹೋಗಲು ದಾರಿ ಬೇಡವೇ?

ನಾನು ಪರದೆಯ ವೈರಿಯಲ್ಲ. ಮಲಗುವ ಕೋಣೆಗೆ ಮರೆ ಬೇಕು. ರಾತ್ರಿ ದೀಪ ಹಾಕಿದರೆ ಒಳಗಿರುವುದೆಲ್ಲ ಹೊರಗೆ ಕಾಣುತ್ತದೆ, ಆಗ ಯಾರಿಗೂ ಮರೆ ಬೇಕು. ಪಡುವಣ ಬಿಸಿಲಿಗೂ ತಡೆ ಬೇಕು. ಅಲ್ಲೂ ಒಂದು ಮಾತು: ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಬ್ಲೈಂಡ್ ತಡೆದರೆ ಕಾವು ಬಹುಪಾಲು ಒಳಗೇ ಉಳಿಯುತ್ತದೆ. ನಮ್ಮ ಹಿಂದಿನವರು ಬಿದಿರಿನ ತಟ್ಟಿಯನ್ನು, ಲಾವಂಚದ ಪರದೆಯನ್ನು ಕಿಟಕಿಯ ಹೊರಗೆ ಕಟ್ಟುತ್ತಿದ್ದದ್ದು ದಡ್ಡತನದಿಂದಲ್ಲ.

ನನ್ನ ಜಗಳ ಬೇರೆ. ಮುಚ್ಚುವುದಕ್ಕೆ ನಾವು ಅಂಗುಲ ಅಂಗುಲ ಅಳೆಯುತ್ತೇವೆ. ಬಣ್ಣ ಆರಿಸುತ್ತೇವೆ, ಬಟ್ಟೆ ಮುಟ್ಟಿ ನೋಡುತ್ತೇವೆ, ಅರ್ಧ ಅಂಗುಲ ಹೆಚ್ಚುಕಮ್ಮಿಯಾದರೆ ಅಂಗಡಿಯವರ ಮೇಲೆ ಹಾರಾಡುತ್ತೇವೆ. ತೆರೆಯುವುದಕ್ಕೆಂದು ನಮ್ಮಲ್ಲಿ ಯಾರು ಕಿಟಕಿ ಅಳೆದಿದ್ದೇವೆ? ಸಂಸ್ಕೃತದವರು ಕಿಟಕಿಗೆ ಗವಾಕ್ಷ ಎಂದರು, ಹಸುವಿನ ಕಣ್ಣು ಎಂದು. ಇಂಗ್ಲಿಷಿನ ವಿಂಡೋ ಕೂಡ ಹಳೆಯ ನಾರ್ಸ್ ಭಾಷೆಯ 'ಗಾಳಿಗಣ್ಣು' ಎಂಬ ಪದದಿಂದ ಬಂದದ್ದಂತೆ. ಎರಡೂ ಕಡೆಯ ಹಿರಿಯರು ಅದನ್ನು ಕಣ್ಣು ಎಂದೇ ಕರೆದರು. ನಾವು ಅದಕ್ಕೆ ಬ್ಲೈಂಡ್ ತಂದು ಹಾಕುತ್ತೇವೆ. ಅದೂ ಗೋಕುಲದಲ್ಲಿ!

ಮಗನಿಗೆ ಫೋನ್ ಮಾಡಿ, "ಎರಡು ಮಲಗೋ ಕೋಣೆಗೆ ಬ್ಲೈಂಡ್ಸ್ ಸಾಕು. ಉಳಿದ ದುಡ್ಡಲ್ಲಿ ಅಡುಗೆಮನೆ ಕಿಟಕಿ ಒಡೆಸ್ತೀನಿ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಯಾಕಮ್ಮಾ? ಇಷ್ಟು ವರ್ಷ ನಡೀತಲ್ಲ?" ಎಂದ. ಇಷ್ಟು ವರ್ಷ ನಡೆದದ್ದೇ ಕಾರಣ ಎಂದೆ. ಮನೆಯವರು, "ಗೋಡೆ ಒಡೆಯೋದಾ?" ಎಂದು ಪೇಪರು ಮಡಿಸಿಟ್ಟರು. ಮೇಸ್ತ್ರಿ ಬಂದು ನೋಡಿ ಅವರ ಭಯ ಬಿಡಿಸಿದ. ಅಗಲ ಮಾಡಿದರೆ ಮೇಲಿನ ಲಿಂಟಲ್ ಬದಲಾಯಿಸಬೇಕು, ಅದು ದೊಡ್ಡ ಕೆಲಸ. ಅಗಲ ಹಾಗೇ ಇರಲಿ, ಕೆಳಗಿನ ಗೋಡೆ ಎರಡು ಅಡಿ ಇಳಿಸಿದರೆ ಲಿಂಟಲ್ ಮುಟ್ಟಬೇಕಿಲ್ಲ. ಕಟ್ಟೆಗಿಂತ ನಾಲ್ಕು ಅಂಗುಲ ಮೇಲೆ ಕಿಟಕಿಯ ತಳ ಬಂತು. ಈಗ ಎರಡು ಅಡಿ ಒಂಬತ್ತು ಅಂಗುಲಕ್ಕೆ ನಾಲ್ಕು ಅಡಿ, 11 ಚದರಡಿ. ಅಲಮಾರಿನ ಒಂದು ಅಂಕಣ ಹೋಯಿತು. ಅದರಲ್ಲಿದ್ದದ್ದು ಉಪಯೋಗಿಸದ ಡಬ್ಬಗಳು.

ಈಗ ಒಗ್ಗರಣೆಯ ಘಾಟು ನಡುಮನೆಯ ಕಡೆ ನುಗ್ಗದೆ ಹಿತ್ತಿಲಿಗೆ ಹೋಗುತ್ತದೆ. ಹಗಲು ದೀಪ ಹಾಕುವುದಿಲ್ಲ. ಅತ್ತೆಯ ಕರಿಬೇವು ಚಿಗುರಿದ್ದು ಯಾರನ್ನೂ ಕೇಳದೆ ಕಾಣುತ್ತದೆ. ಕಂಡಾಗಲೆಲ್ಲ ಹೊಟ್ಟೆಯೊಳಗೆ ಸ್ವಲ್ಪ ಸಂಕಟವೂ ಆಗುತ್ತದೆ. ಮೂರು ದಿನದ ಕೆಲಸ, ಹದಿಮೂರು ವರ್ಷ ಮಾಡಿಸಲಿಲ್ಲ.

ಆದ್ದರಿಂದ ಇದನ್ನು ಓದಿದ ನೀವು ಇವತ್ತೇ ಟೇಪು ತೆಗೆದುಕೊಂಡು ಅಡುಗೆಮನೆಗೆ ಹೋಗಿ. ತೆರೆಯಲು ಬರುವ ಭಾಗವನ್ನು ಮಾತ್ರ ಅಳೆಯಿರಿ, ಭದ್ರವಾಗಿ ಕೂತ ಗಾಜನ್ನು ಬಿಡಿ. ಅಗಲವನ್ನೂ ಎತ್ತರವನ್ನೂ ಗುಣಿಸಿ. ಹತ್ತೂಮುಕ್ಕಾಲಿಗೆ ಕಡಿಮೆ ಬಂದರೆ ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು, ಊಟಕ್ಕೆ ಕೂತವರ ತಟ್ಟೆಯ ಪಕ್ಕದಲ್ಲಿಡಿ. ಸ್ವಂತ ಮನೆ ಕಟ್ಟಿಸುತ್ತಿದ್ದರೆ ಕಾಫಿ ಕೊಟ್ಟು ಒಳಗೆ ಹೋಗಬೇಡಿ, ನಕ್ಷೆಯ ಮುಂದೆ ಕೂತುಕೊಳ್ಳಿ. ಕಾಫಿಯನ್ನು ಒಂದು ದಿನ ಬೇರೆ ಯಾರಾದರೂ ತರಲಿ.