ಲೆಕ್ಕ ಬಿಡಿಸೋಣ ಬನ್ನಿ: ಮೂರು ಬಸ್ಸು, ಒಂದು ಲಸಾಅ

ಪ್ರಶ್ನೆ: ಹಾಸನದ ಬಸ್ ನಿಲ್ದಾಣದಿಂದ ಹೊಳೆನರಸೀಪುರಕ್ಕೆ 15 ನಿಮಿಷಕ್ಕೊಂದು, ಅರಕಲಗೂಡಿಗೆ 20 ನಿಮಿಷಕ್ಕೊಂದು, ಚನ್ನರಾಯಪಟ್ಟಣಕ್ಕೆ 24 ನಿಮಿಷಕ್ಕೊಂದು ಬಸ್ಸು ಹೊರಡುತ್ತದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 6 ಗಂಟೆಗೆ ಮೂರೂ ಒಟ್ಟಿಗೆ ಹೊರಟರೆ, ಮತ್ತೆ ಒಟ್ಟಿಗೆ ಹೊರಡುವುದು ಎಷ್ಟು ಗಂಟೆಗೆ?

(ಈ ವೇಳೆ ಲೆಕ್ಕಕ್ಕಾಗಿ ಕಲ್ಪಿಸಿದ್ದು. ಇದನ್ನು ನಂಬಿಕೊಂಡು ನಿಲ್ದಾಣಕ್ಕೆ ಹೋಗಬೇಡಿ!)

ಮಕ್ಕಳೇ, ಹೊಳೆನರಸೀಪುರದ ಬಸ್ಸು ಹೊರಡುವುದು 15, 30, 45ನೇ ನಿಮಿಷಗಳಲ್ಲಿ. ಅಂದರೆ ಅದು 15ರ ಮಗ್ಗಿ. ಉಳಿದೆರಡು 20ರ ಮತ್ತು 24ರ ಮಗ್ಗಿ. ಮೂರೂ ಮಗ್ಗಿಗಳಲ್ಲಿ ಮೊದಲು ಸಿಗುವ ಸಂಖ್ಯೆ ನಮಗೆ ಬೇಕು. ಅದೇ ಲಘುತಮ ಸಾಮಾನ್ಯ ಅಪವರ್ತ್ಯ, ಲಸಾಅ.

ಹಂತ 1: ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ.
15 = 3 × 5
20 = 2 × 2 × 5
24 = 2 × 2 × 2 × 3

ಹಂತ 2: ಪ್ರತಿ ಅವಿಭಾಜ್ಯ ಸಂಖ್ಯೆಯೂ ಒಂದೇ ಸಾಲಿನಲ್ಲಿ ಅತಿ ಹೆಚ್ಚೆಂದರೆ ಎಷ್ಟು ಸಲ ಬಂದಿದೆಯೋ ಅಷ್ಟು ಸಲ ತೆಗೆದುಕೊಳ್ಳಿ. 2 ಮೂರು ಸಲ, 3 ಒಂದು ಸಲ, 5 ಒಂದು ಸಲ.

ಹಂತ 3: 2 × 2 × 2 × 3 × 5 = 120 ನಿಮಿಷ, ಅಂದರೆ 2 ಗಂಟೆ.

ಉತ್ತರ: ಬೆಳಿಗ್ಗೆ 8 ಗಂಟೆಗೆ.

ತಾಳೆ ನೋಡಿ: 120 ÷ 15 = 8, 120 ÷ 20 = 6, 120 ÷ 24 = 5. ಎಲ್ಲಿಯೂ ಶೇಷ ಉಳಿಯಲಿಲ್ಲ.

ಎಡವುವುದೆಲ್ಲಿ? ಕೆಲವರು 120 ಎಂದು ಬರೆದು ನಿಲ್ಲಿಸುತ್ತಾರೆ. ಪ್ರಶ್ನೆ ಕೇಳಿದ್ದು ಗಂಟೆಯನ್ನು! ಕೆಲವರು ಮೂರನ್ನೂ ಗುಣಿಸಿ 7200 ನಿಮಿಷ ಎನ್ನುತ್ತಾರೆ. ಅದು ಭರ್ತಿ ಐದು ದಿನ. ಇನ್ನು ಕೆಲವರು ಮಸಾಅ ಕಂಡುಹಿಡಿದು 1 ನಿಮಿಷ ಎನ್ನುತ್ತಾರೆ. ಯಾವ ಬಸ್ಸೂ 15 ನಿಮಿಷಕ್ಕೆ ಮುಂಚೆ ಹೊರಡುವುದೇ ಇಲ್ಲವಲ್ಲ!

ಪೋಷಕರಿಗೊಂದು ಮಾತು. ಲಸಾಅ ನಿಮಗೆ ಮರೆತುಹೋಗಿರಬಹುದು, ಕಲಿಯದೆಯೂ ಇರಬಹುದು. ಚಿಂತೆಯಿಲ್ಲ. "ಈ ಉತ್ತರ ನಂಬುವಂತಿದೆಯೇನಪ್ಪ? ಹೇಗೆ ಬಂತು ಹೇಳು" ಎಂದು ಕೇಳಿ. ಬಸ್ಸಿಗೆ ಕಾದು ಅಭ್ಯಾಸವಿರುವ ಯಾರಾದರೂ ಐದು ದಿನದ ಉತ್ತರ ತಪ್ಪೆಂದು ಹೇಳಬಲ್ಲರು. ಗದರಿಸಿದರೆ ಮಗು ಉತ್ತರವನ್ನು ಗೆಳೆಯರ ಪುಸ್ತಕದಿಂದ ಇಳಿಸಿಕೊಳ್ಳುತ್ತದೆ, ಅಷ್ಟೆ. ಲಸಾಅ ಇಲ್ಲಿ ಗಟ್ಟಿಯಾಗದಿದ್ದರೆ ಮುಂದೆ ಭಿನ್ನರಾಶಿ ಕೂಡುವಾಗ ತೊಡಕು ತಪ್ಪದು.

ಈ ನಂಟನ್ನು ಕನ್ನಡ ನಾಡು ಬಹಳ ಹಿಂದೆಯೇ ಬಲ್ಲದು. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳ ಸಂಕಲನಕ್ಕೆ ಲಸಾಅ ಬಳಸಿದ್ದಾನೆ. ಅವನು ಅದನ್ನು ಕರೆದದ್ದು 'ನಿರುದ್ಧ' ಎಂದು.

ನೀವೇ ಬಿಡಿಸಿ: ಮೂವರು ರೈತರ ಬಳಿ 48, 60, 84 ಕೆ.ಜಿ. ಆಲೂಗಡ್ಡೆ ಇದೆ. ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯದಂತೆ, ಏನೂ ಉಳಿಯದಂತೆ, ಎಲ್ಲ ಚೀಲಗಳನ್ನೂ ಒಂದೇ ತೂಕಕ್ಕೆ ತುಂಬಬೇಕು. ಒಂದು ಚೀಲದ ಗರಿಷ್ಠ ತೂಕವೆಷ್ಟು? ಬೇಕಾದದ್ದು ಲಸಾಅ ಅಥವಾ ಮಸಾಅ? ಉತ್ತರ ಮುಂದಿನ ವಾರ.